ಹೊಸ್ತಿಲು ದಾಟಿದ ನಾಯಿ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ನಾಯಿಗೊಂದು ಗಡಿ ಇತ್ತು. ಅಂಗಳ, ಹಟ್ಟಿಯ ಮಾಡಿನಡಿ, ತೋಟಕ್ಕಿಳಿಯುವ ದಾರಿ, ಬಚ್ಚಲ ಒಲೆಯ ಬಾಯಿ, ಇಷ್ಟು ಅದರ ರಾಜ್ಯ. ಜಗಲಿಯ ಮೆಟ್ಟಿಲ ಮೇಲೆ ಮುಂಗಾಲೂರಿ ನಿಲ್ಲಬಹುದು. ಅದಕ್ಕಿಂತ ಒಳಗೆ ಮೂಗು ತೂರಿಸಿದರೆ "ಹಚಾ" ಎಂಬ ಗದರಿಕೆ ಅಡುಗೆಮನೆಯಿಂದಲೇ ಕೇಳಿಬರುತ್ತಿತ್ತು. ಮಳೆಗಾಲದ ರಾತ್ರಿ ಬಚ್ಚಲ ಒಲೆಯ ಬಿಸಿ ಬೂದಿಯಲ್ಲಿ ಸುರುಟಿ ಮಲಗಿ, ಬೆಳಗ್ಗೆ ಮೈಯೆಲ್ಲ ಬೂದಿ ಬಳಿದುಕೊಂಡು ಸನ್ಯಾಸಿಯಂತೆ ಎದ್ದು ಬರುವ ನಾಯಿಯನ್ನು ಕಾಣದವರು ನನ್ನ ವಯಸ್ಸಿನವರಲ್ಲಿ ವಿರಳ. ಈಗ ಅದೇ ಮನೆಗಳಲ್ಲಿ ನಾಯಿ ಮಂಚವೇರಿ ಮಲಗಿದೆ. ಇದು ಸರಿಯೇ ಎಂಬ ಚರ್ಚೆ ಮದುವೆ ಮನೆಯ ಪಂಕ್ತಿಯಲ್ಲಿಯೂ ನಡೆಯುವುದನ್ನು ಕೇಳಿದ್ದೇನೆ. ಒಂದು ಪಕ್ಷದವರು ಕಲಿಗಾಲ ಎನ್ನುತ್ತಾರೆ, ಇನ್ನೊಂದು ಪಕ್ಷದವರು ಅದಕ್ಕೂ ಜೀವ ಇಲ್ಲವೇ ಎನ್ನುತ್ತಾರೆ. ತಮಾಷೆಯೆಂದರೆ ಇಬ್ಬರೂ "ನಮ್ಮ ಪರಂಪರೆಯಲ್ಲಿ" ಎಂದೇ ಮಾತು ಆರಂಭಿಸುತ್ತಾರೆ.

ನಾನು ಬ್ಯಾಂಕಿನ ಗುಮಾಸ್ತ. ದಾಖಲೆ ಇಲ್ಲದ ಮಾತಿಗೆ ಮೊಹರು ಒತ್ತುವ ಅಭ್ಯಾಸವಿಲ್ಲ. ಬಿ.ಎ. ಓದುವಾಗ ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡ ಋಣವೂ ಒಂದಿಷ್ಟು ಇದೆ. ಆದುದರಿಂದ ಬಿಡುವಾದಾಗಲೆಲ್ಲ ಈ ವಿಚಾರವಾಗಿ ಸಿಕ್ಕಿದ್ದನ್ನು ಓದುತ್ತ, ಗುರುತು ಹಾಕುತ್ತ ಬಂದಿದ್ದೇನೆ.

ಮನುಷ್ಯನೂ ನಾಯಿಯೂ ಒಟ್ಟಿಗೆ ಮಲಗಿದ್ದಕ್ಕೆ ಸಿಗುವ ಅತಿ ಹಳೆಯ ಸಾಕ್ಷ್ಯಗಳು ಮಂಚದ್ದಲ್ಲ, ಗೋರಿಯದು. ಇಸ್ರೇಲಿನ ಐನ್ ಮಲ್ಲಾಹ ಎಂಬಲ್ಲಿ ಸುಮಾರು 12,000 ವರ್ಷಗಳ ಹಿಂದಿನ ಸಮಾಧಿಯೊಂದರಲ್ಲಿ ವಯಸ್ಸಾದ ಒಬ್ಬ ವ್ಯಕ್ತಿಯ ಅಸ್ಥಿಪಂಜರ ದೊರೆಯಿತು. ತಲೆಯ ಹತ್ತಿರ ಕೆಲವೇ ತಿಂಗಳ ನಾಯಿಮರಿ, ಅದರ ಮೈಮೇಲೆ ಆ ವ್ಯಕ್ತಿಯ ಕೈ. ಅದು ತೋಳದ ಮರಿ ಇರಬಹುದೆನ್ನುವ ವಿದ್ವಾಂಸರೂ ಇದ್ದಾರೆ. ಕೈ ಇಟ್ಟ ಬಗೆಯಲ್ಲಿ ಮಾತ್ರ ಯಾರಿಗೂ ಸಂಶಯವಿಲ್ಲ. ನಮ್ಮ ದೇಶದಲ್ಲಿಯೇ ಶ್ರೀನಗರದ ಬಳಿಯ ಬುರ್ಜಹೋಮಿನಲ್ಲಿ 1960ರಿಂದ ಪುರಾತತ್ವ ಇಲಾಖೆ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ಜನರ ಜೊತೆಗೆ ಹೂಳಿದ ನಾಯಿಗಳ ಎಲುಬುಗಳು ಸಿಕ್ಕಿವೆ. ಕೊನೆಯ ಹಾಸಿಗೆಯಲ್ಲಿ ಅವರಿಗೆ ಮೈಲಿಗೆಯ ಲೆಕ್ಕವಿರಲಿಲ್ಲ.

ಕನ್ನಡದ ಮಟ್ಟಿಗೆ ನಾಯಿಯ ಚರಿತ್ರೆಯೆಂದರೆ ಮೊದಲು ಆತಕೂರಿಗೆ ಹೋಗಬೇಕು. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಊರು ಅದು. ಅಲ್ಲಿದ್ದ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬ್ಯಾಂಕಿನ ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಒಂದು ಭಾನುವಾರ ನೋಡಿ ಬಂದೆ. ಜೊತೆಗಿದ್ದವರು ಕಬ್ಬನ್ ಪಾರ್ಕಿನಲ್ಲಿ ಕಡಲೆಕಾಯಿ ತಿನ್ನುತ್ತ ಕುಳಿತಿದ್ದರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಉಬ್ಬುಚಿತ್ರ. ಸುತ್ತ ಹಳಗನ್ನಡದ ಅಕ್ಷರ. ಫ್ಲೀಟ್ ಸಾಹೇಬರು ಅದನ್ನು ಓದಿ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ್ದಾರೆ.

ಕಥೆ ಹೀಗಿದೆ. ಕ್ರಿ.ಶ. 949ರಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ಯುದ್ಧ ನಡೆಯಿತು. ಕೃಷ್ಣನ ಪಕ್ಷದ ಗಂಗ ದೊರೆ ಇಮ್ಮಡಿ ಬೂತುಗ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ. ಪ್ರತಿಯಾಗಿ ಬನವಾಸಿ ಪನ್ನಿರ್ಚ್ಛಾಸಿರವೇ ಮೊದಲಾದ ನಾಡುಗಳನ್ನು ಪಡೆದ. ಅದೇ ಯುದ್ಧದಲ್ಲಿ ಹೋರಾಡಿದ ಮಣಲೆರ ಎಂಬ ವೀರನಿಗೆ ಒಡೆಯನು ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಆತ ಕೇಳಿದ್ದು ಒಂದು ನಾಯಿಯನ್ನು. ಹೆಸರು ಕಾಳಿ. ರಾಜ್ಯಗಳು ಕೈಬದಲಾಗುತ್ತಿದ್ದ ಹೊತ್ತಿನಲ್ಲಿ ಒಬ್ಬ ಸರದಾರ ನಾಯಿಯನ್ನು ಬೇಡಿಕೊಂಡದ್ದು ಸಣ್ಣ ಮಾತಲ್ಲ. ಆಮೇಲೆ ಬೆಳ್ತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದುಕೊಂಡವು. ಮಣಲೆರ ಆತಕೂರಿನ ಚಲ್ಲೇಶ್ವರ ದೇವಸ್ಥಾನದ ಎದುರಿಗೆ ಕಲ್ಲು ನೆಡಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟುಕೊಟ್ಟ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಯುದ್ಧವಲ್ಲ, ಶಾಸನದ ಕೊನೆಯ ಕಟ್ಟಳೆ. ಆ ಕಲ್ಲಿಗೆ ಪೂಜೆ ಮಾಡುವ ಗೊರವನು ಪೂಜಿಸದೆ ಊಟಮಾಡಿದರೆ ನಾಯಿಯ ಪಾಪ ಅವನಿಗೆ ತಟ್ಟುತ್ತದಂತೆ. ಎಂದರೆ ಮೊದಲು ನಾಯಿಗೆ, ಆಮೇಲೆ ಅರ್ಚಕನಿಗೆ. ನಮ್ಮ ಮನೆಗಳಲ್ಲಿ ಎಲ್ಲರ ಊಟವಾದ ಮೇಲೆ ಬಾಳೆಲೆಯಲ್ಲಿ ಉಳಿದದ್ದನ್ನು ಒಟ್ಟುಮಾಡಿ, ಗಂಜಿ ತಿಳಿ ಸುರಿದು, ಅಂಗಳದ ಮೂಲೆಯ ಕಲ್ಲಿನ ಕುಳಿಗೆ ಹಾಕುತ್ತಿದ್ದುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಸಾವಿರ ವರ್ಷದ ಹಿಂದಿನ ಕನ್ನಡನಾಡಿನಲ್ಲಿ ನಾಯಿಯ ಸ್ಥಾನ ಕೆಳಗಿತ್ತೆಂದೂ ಈಗ ಮೇಲೇರಿತೆಂದೂ ಸರಳವಾಗಿ ಹೇಳಿಬಿಡುವವರಿಗೆ ಈ ಕಲ್ಲು ಅಡ್ಡ ನಿಲ್ಲುತ್ತದೆ.

ಗೊರವರ ಮಾತು ಬಂತು. ಮೈಲಾರಲಿಂಗನ ಒಕ್ಕಲಾದ ಗೊರವಯ್ಯಗಳು ಇಂದಿಗೂ ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ ದೋಣಿಸೇವೆಯ ದಿನ ಬೊಗಳುತ್ತ, ನೆಲಕ್ಕೆ ಬಾಗಿ ದೋಣಿಯಲ್ಲಿ ಬಾಯಿಟ್ಟು ಉಣ್ಣುತ್ತಾರೆ. ನಮ್ಮ ತೆಂಕಣ ಭಾಗಕ್ಕೆ ಬಂದರೆ ಮುತ್ತಪ್ಪನಿದ್ದಾನೆ. ವಳಪಟ್ಟಣ ಹೊಳೆಯ ದಡದ ಪರಶ್ಶಿನಿಕಡವಿನಲ್ಲಿ ನಾಯಿಗಳು ಯಾರ ಅಪ್ಪಣೆಯೂ ಇಲ್ಲದೆ ಗುಡಿಯೊಳಗೆ ತಿರುಗಾಡುತ್ತವೆ, ಬಾಗಿಲಲ್ಲಿ ಕಂಚಿನ ನಾಯಿಗಳಿವೆ. ಒಮ್ಮೆ ಅಲ್ಲಿಂದ ನಾಯಿಗಳನ್ನು ಹೊರಗೆ ಸಾಗಿಸಿದಾಗ ತೆಯ್ಯಂ ಕಟ್ಟಿದವನಿಗೆ ದರ್ಶನವೇ ಬರಲಿಲ್ಲವೆಂದು ಭಕ್ತರು ಹೇಳುತ್ತಾರೆ. ಕಾಸರಗೋಡು ಜಿಲ್ಲೆಯ ಮಡಪ್ಪುರಗಳಲ್ಲಿ ಮುತ್ತಪ್ಪನ ಮುಂದೆ ಕೈಮುಗಿದು ನಿಲ್ಲುವ ಕನ್ನಡಿಗರೂ ತುಳುವರೂ ಬೇಕಾದಷ್ಟಿದ್ದಾರೆ. ಭೈರವನ ವಾಹನ ನಾಯಿ, ದತ್ತಾತ್ರೇಯನ ಕಾಲಬುಡದಲ್ಲಿ ನಾಲ್ಕು ನಾಯಿ. ದೇವರ ಹತ್ತಿರಕ್ಕೆ ಬಿಟ್ಟುಕೊಂಡವರು ದೇವರ ಕೋಣೆಯ ಹತ್ತಿರಕ್ಕೆ ಏಕೆ ಬಿಡಲಿಲ್ಲ ಎಂದು ಕೇಳಬೇಡಿ. ಗಾದೆಗಳ ಕಡೆ ತಿರುಗಿದರೆ ನಾಯಿಯ ಮರ್ಯಾದೆ ಉಳಿಯುವುದೇ ಇಲ್ಲ. ಬಸವಣ್ಣನವರು ಕೂಡ ಚಂಚಲ ಮನಸ್ಸಿಗೆ ಪಲ್ಲಕ್ಕಿ ಏರಿದ ನಾಯಿಯನ್ನು ಹೋಲಿಕೆ ಕೊಟ್ಟವರೇ.

ಎರಡು ದೊಡ್ಡ ಕಥೆಗಳಲ್ಲಿ ನಾಯಿ ಹೊಸ್ತಿಲಿನಲ್ಲಿ ನಿಂತಿದೆ. ಒಂದು ನಮಗೆಲ್ಲ ಗೊತ್ತಿರುವ ಮಹಾಪ್ರಸ್ಥಾನ. ಹೆಂಡತಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದ ಮೇಲೂ ಹಿಂದೆ ಬಂದ ನಾಯಿಯನ್ನು ಬಿಟ್ಟು ರಥ ಹತ್ತಲಾರೆ ಎಂದ ಧರ್ಮರಾಯ. ಇಂದ್ರ ಕೊಟ್ಟ ಕಾರಣವನ್ನು ಗಮನಿಸಿ: ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಜಾಗವಿಲ್ಲ, ಅವರ ಯಜ್ಞಫಲವನ್ನು ಕ್ರೋಧವಶರು ಅಪಹರಿಸುತ್ತಾರೆ. ನಮ್ಮ ಅಜ್ಜಿಯರ ಮಡಿಯ ವಾದವೇ ಅದು, ಧರ್ಮರಾಯ ಒಪ್ಪಲಿಲ್ಲ. ಇನ್ನೊಂದು ನಮ್ಮ ಮುಸ್ಲಿಂ ನೆರೆಯವರ ಕುರಾನಿನದು. ಗುಹೆಯಲ್ಲಿ ಮುನ್ನೂರಕ್ಕೂ ಮಿಕ್ಕಿ ವರ್ಷ ನಿದ್ರಿಸಿದ ಯುವಕರ ಜೊತೆಗೆ ಅವರ ನಾಯಿಯೂ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿತ್ತು. ಪರಂಪರೆ ಅದಕ್ಕೆ ಕಿತ್ಮೀರ್ ಎಂದು ಹೆಸರಿಟ್ಟಿದೆ. ಅದೇ ವೇಳೆ ಕೇರಳದ ಮುಸ್ಲಿಮರು ಬಹುಮಟ್ಟಿಗೆ ಅನುಸರಿಸುವ ಶಾಫಿ ಪದ್ಧತಿಯಲ್ಲಿ ನಾಯಿ ನೆಕ್ಕಿದ್ದನ್ನು ಏಳು ಸಲ, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿ, ತೊಳೆಯಬೇಕು. ಹೊಸ್ತಿಲಿನವರೆಗೆ ಗೌರವ, ಒಳಗೆ ಬಂದರೆ ತೊಳೆಯುವ ಕೆಲಸ. ಈ ವಿಷಯದಲ್ಲಿ ನಮ್ಮ ಮನೆಗೂ ನೆರೆಮನೆಗೂ ಹೆಚ್ಚು ಅಂತರವಿರಲಿಲ್ಲ.

ಇನ್ನು ಹಾಸಿಗೆ. ನಾಯಿ ಹಾಸಿಗೆ ಹತ್ತಬಹುದೇ ಎಂದು ವಾದಿಸುವವರು ಹಾಸಿಗೆ ನಮ್ಮ ಮನೆಗೆ ಯಾವಾಗ ಬಂತೆಂಬುದನ್ನು ಮರೆತುಬಿಡುತ್ತಾರೆ. ನನ್ನ ಬಾಲ್ಯದಲ್ಲಿ ಮಂಚವೆಂದರೆ ಮನೆಗೊಂದು, ಅದೂ ಅಜ್ಜನಿಗೆ. ಉಳಿದವರೆಲ್ಲ ಚಾವಡಿಯಲ್ಲಿ ಸಾಲಾಗಿ ಮುಂಡೇವಿನ ಚಾಪೆ ಹಾಸಿ ಮಲಗಿ, ಬೆಳಗ್ಗೆ ಸುರುಟಿ ಮೂಲೆಗೆ ನಿಲ್ಲಿಸುತ್ತಿದ್ದರು. ಹಗಲಿನಲ್ಲಿ ಹಾಸಿಗೆ ಎಂಬ ವಸ್ತುವೇ ಮನೆಯಲ್ಲಿಲ್ಲ. ನಾಯಿ ಎಲ್ಲಿಗೆ ಹತ್ತಬೇಕು? ಬೂರುಗದ ಹತ್ತಿ ತುಂಬಿದ ಹಾಸಿಗೆ ಬಾಣಂತಿಗೆ, ಕಾಯಿಲೆಯವರಿಗೆ, ಅಳಿಯ ಬಂದರೆ ಅಳಿಯನಿಗೆ. ಮೇಲಾಗಿ ಮಡಿಯ ಮನೆಗಳಲ್ಲಿ ಹಾಸಿಗೆಯೇ ಮೈಲಿಗೆ. ಹಾಸಿಗೆ ಮುಟ್ಟಿದ ಬಟ್ಟೆಯಲ್ಲಿ ಅನ್ನದ ಪಾತ್ರೆ ಮುಟ್ಟುವಂತಿಲ್ಲ, ದೇವರ ಕೋಣೆಗೆ ಹೋಗುವಂತಿಲ್ಲ. ಆ ನಿಯಮ ಮನುಷ್ಯನಿಗೂ ಅನ್ವಯಿಸುತ್ತಿತ್ತೇ ಹೊರತು ನಾಯಿಗೊಂದಕ್ಕೇ ಅಲ್ಲ. ಎಪ್ಪತ್ತರ ದಶಕದಿಂದ ಈಚೆಗೆ ಕೊಲ್ಲಿಯ ಹಣ ಬಂತು, ಅಡಿಕೆಗೆ ಬೆಲೆ ಬಂದ ವರ್ಷಗಳೂ ಬಂದವು, ಹಂಚಿನ ಮನೆಗಳ ಪಕ್ಕದಲ್ಲಿ ತಾರಸಿ ಮನೆಗಳು ಎದ್ದವು, ಮನುಷ್ಯನಿಗೊಂದು ಕೋಣೆ, ಕೋಣೆಗೊಂದು ಮಂಚವಾಯಿತು. ಹಗಲೆಲ್ಲ ಹಾಸಿಯೇ ಇರುವ ಹಾಸಿಗೆ ಬಂದ ಮೇಲೆಯೇ ಈ ಪ್ರಶ್ನೆ ಹುಟ್ಟಿದ್ದು. ಮನೆಸಾಲದ ಕಡತಗಳನ್ನು ವರ್ಷಗಟ್ಟಲೆ ನೋಡಿದವನ ಅಭಿಪ್ರಾಯ ಇದು.

ಹಿರಿಯರ "ಹಚಾ"ದ ಹಿಂದೆ ಮಡಿಗಿಂತ ದೊಡ್ಡ ಇನ್ನೊಂದು ಕಾರಣವಿತ್ತು. ಹುಚ್ಚುನಾಯಿಯ ಭಯ. 1885ರಲ್ಲಿ ಪಾಶ್ಚರ್ ಪ್ಯಾರಿಸಿನಲ್ಲಿ ಮೊದಲ ಬಾಲಕನಿಗೆ ಚುಚ್ಚುಮದ್ದು ಕೊಟ್ಟರು. ಇಲ್ಲಿಗೆ ಅದು ತಲುಪಿದ್ದು ಒಂದು ಸಾವಿನ ಮೂಲಕ: ಮದರಾಸು ಪ್ರಾಂತದಲ್ಲಿ 1902ರಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಷ್ ಎಂಬ ಆಂಗ್ಲ ಮಹಿಳೆ ಹುಚ್ಚುನಾಯಿ ಕಡಿತದಿಂದ ತೀರಿಕೊಂಡ ಮೇಲೆ ದಕ್ಷಿಣಕ್ಕೊಂದು ಸಂಸ್ಥೆ ಬೇಕೆಂಬ ಕೂಗೆದ್ದಿತು, ಅಮೆರಿಕದ ಧನಿಕ ಹೆನ್ರಿ ಫಿಪ್ಸ್ ಅವರ ದಾನವೂ ಸೇರಿ 1907ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆ ತೆರೆಯಿತು. ಮಂಗಳೂರಿಗೆ ರೈಲು ಬಂದದ್ದೂ ಅದೇ ವರ್ಷ. ಕಾಸರಗೋಡು ಆಗ ದಕ್ಷಿಣ ಕನ್ನಡದ ತಾಲೂಕು, ದಕ್ಷಿಣ ಕನ್ನಡ ಮದರಾಸು ಪ್ರಾಂತದ ಜಿಲ್ಲೆ. ಕಚ್ಚಿಸಿಕೊಂಡವರು ಶೋರನೂರು, ಪೋತನೂರು, ಮೆಟ್ಟುಪಾಳಯ ದಾಟಿ, ಹಲ್ಲುಗಾಲಿಯ ಬೆಟ್ಟದ ರೈಲು ಹತ್ತಿದರೆ ಕೂನೂರು. ಹಣವುಳ್ಳವರಿಗೆ, ಸಮಯವಿದ್ದವರಿಗೆ ಆ ದಾರಿ. ಮಿಕ್ಕವರಿಗೆ ನಾಟಿವೈದ್ಯರ ಬೇರು, ದೈವದ ಗಂಧ.

ಆಮೇಲೆ ಸೆಂಪಲ್ ಎಂಬ ವೈದ್ಯ ಕಸೌಲಿಯಲ್ಲಿ 1911ರಲ್ಲಿ ಸಿದ್ಧಪಡಿಸಿದ, ಕುರಿಯ ಮಿದುಳಿನಿಂದ ತಯಾರಾಗುವ ಲಸಿಕೆ ಆಸ್ಪತ್ರೆಗಳಿಗೆ ಬಂತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತು ಕೇಳಿದರೆ ಇಂದಿಗೂ ನನ್ನ ವಯಸ್ಸಿನವರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ನಮ್ಮ ನೆರೆಯ ಹುಡುಗನೊಬ್ಬನಿಗೆ ಆ ಹದಿನಾಲ್ಕು ದಿನ ನಾವು ಶಾಲೆಯಲ್ಲಿ ಬೆಲ್ಲದ ಚೂರು ತೆಗೆದಿಡುತ್ತಿದ್ದೆವು. ಆ ಲಸಿಕೆ ಕೆಲವರಿಗೆ ಲಕ್ವಾ ಬರಿಸುತ್ತಿತ್ತು. 2005ರ ಹೊತ್ತಿಗೆ ಭಾರತದಲ್ಲಿ ಅದನ್ನು ನಿಲ್ಲಿಸಿ ತೋಳಿಗೆ ಕೊಡುವ ಹೊಸ ಲಸಿಕೆಗಳನ್ನು ತಂದರು. ರೋಗದ ಲಕ್ಷಣ ಕಾಣಿಸಿದ ಮೇಲೆ ಬದುಕಿದವರು ಇಲ್ಲವೆಂಬಷ್ಟು ಕಡಿಮೆ. ಹೀಗಿರುವಾಗ ಅಜ್ಜಿ ನಾಯಿಯನ್ನು ಅಂಗಳದಲ್ಲಿಯೇ ನಿಲ್ಲಿಸಿದ್ದನ್ನು ಬರೀ ಜಾತಿಯ ಕೊಬ್ಬೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆ ಕಾಲಕ್ಕೆ ಅವಳ ಹತ್ತಿರ ಇದ್ದ ಲಸಿಕೆ ಹೊಸ್ತಿಲು ಒಂದೇ.

ನಾಯಿಯನ್ನು ಮಲಗುವ ಕೋಣೆಗೆ ತಂದವರು ಬಂಗಲೆಯ ಸಾಹೇಬರು ಎಂಬ ಮಾತಿನಲ್ಲಿ ಸ್ವಲ್ಪ ಹುರುಳಿದೆ. ವಿಕ್ಟೋರಿಯಾ ರಾಣಿ 1901ರ ಜನವರಿಯಲ್ಲಿ ಮರಣಶಯ್ಯೆಯಲ್ಲಿದ್ದಾಗ ತನ್ನ ಪೊಮೆರೇನಿಯನ್ ನಾಯಿ ಟುರಿಯನ್ನು ಹಾಸಿಗೆಯ ಮೇಲೆ ಬಿಡಿಸಿಕೊಂಡಳು. ನಮ್ಮ ಕಾಳು, ಬೊಳ್ಳುಗಳು ಟೈಗರ್, ಜಿಮ್ಮಿ, ಟಾಮಿಗಳಾದದ್ದು ಅವರಿಂದ. ಅದೇ ಸಾಹೇಬರ ಸರಕಾರ 1832ರಲ್ಲಿ ಮುಂಬಯಿಯ ಬೀದಿನಾಯಿಗಳನ್ನು ಕೊಲ್ಲಿಸಿದಾಗ ಪಾರಸಿಗಳು ದಂಗೆಯೆದ್ದದ್ದೂ ಉಂಟು. ನಮ್ಮ ಮುಧೋಳದ ಬೇಟೆನಾಯಿಯ ಜೋಡಿಯೊಂದನ್ನು ಅಲ್ಲಿಯ ರಾಜ ಮಾಲೋಜಿರಾವ್ ಘೋರ್ಪಡೆಯವರು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟರೆಂದು ಮುಧೋಳದವರು ಹೆಮ್ಮೆಯಿಂದ ಹೇಳುತ್ತಾರೆ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು, 2016ರಲ್ಲಿ ಸೈನ್ಯ ಅದನ್ನು ತರಬೇತಿಗೆ ತೆಗೆದುಕೊಂಡಿತು. ನಮ್ಮ ಊರಿನವರು ಮಾತ್ರ ಮುಧೋಳ ಬಿಟ್ಟು ದಪ್ಪ ಕೂದಲಿನ ಸೀಮೆನಾಯಿ ತಂದು, ಅದು ಸೆಕೆಗೆ ಏದುಸಿರು ಬಿಡುವುದನ್ನು ಕಂಡು ಫ್ಯಾನು ಹಾಕುತ್ತಾರೆ.

ಭಾಷೆಯ ಮಾತೊಂದು ಇಲ್ಲಿ ಹೇಳಿಬಿಡಬೇಕು, ಈ ಸಂಚಿಕೆಯ ಎರಡೂ ಕಡೆಯ ಓದುಗರಿಗೆ ಸಲ್ಲುವಂಥದು. ಮಲಯಾಳದಲ್ಲಿ ನಾಯಿಗೆ ಪಟ್ಟಿ ಎನ್ನುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಯ್ಯನ್ನೂರು ಕಡೆಯ ಸಹೋದ್ಯೋಗಿಯೊಬ್ಬರ ಬಳಿ, ಸಾಲ ಬಾಕಿಯವರ ಪಟ್ಟಿ ಮೇಜಿನ ಮೇಲಿದೆ ಎಂದಾಗ ಅವರು ಕುರ್ಚಿಯಿಂದ ಎದ್ದು ನಿಂತರು. ತುಳುವಿನಲ್ಲಿ ನಾಯಿಮರಿ ಕಿನ್ನಿ, ಕನ್ನಡದಲ್ಲಿ ಕುನ್ನಿ. ಮಲಯಾಳದ ಕುಂಞಿಯನ್ನೂ ಇವುಗಳ ಜೊತೆ ಕೂರಿಸಿದರೆ ಒಂದೇ ತೊಟ್ಟಿಲಿನ ಕೂಸುಗಳಂತೆ ಕೇಳುತ್ತವೆ. ಕನ್ನಡದಲ್ಲಿ ಬೈಗುಳವಾದದ್ದು ಮಲಯಾಳದಲ್ಲಿ ಮಕ್ಕಳ ಮುದ್ದಿನ ಹೆಸರು.

ಇಷ್ಟೆಲ್ಲ ಹುಡುಕಿಸಿದ್ದು ನನ್ನ ಅಮ್ಮ. ಅವಳು ಎಪ್ಪತ್ತೆರಡು ವರ್ಷದವಳು, ಬದಿಯಡ್ಕದಿಂದ ಒಳಗೆ ನಮ್ಮ ಹಳೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅಕ್ಕ ಬೆಂಗಳೂರಿನಲ್ಲಿ, ತಮ್ಮ ಮಸ್ಕತ್ತಿನಲ್ಲಿ, ನಾನು ಬ್ಯಾಂಕಿನ ಕಾರಣ ಪೇಟೆಯಲ್ಲಿ. ವಾರಕ್ಕೊಮ್ಮೆ ಹೋಗುತ್ತೇನೆ. ಹನ್ನೊಂದು ಜನ ಮಲಗುತ್ತಿದ್ದ ಮನೆ ಅದು. ಸುತ್ತಿನ ನಾಲ್ಕು ಮನೆಗಳಲ್ಲಿ ಎರಡಕ್ಕೆ ಬೀಗ, ಒಂದರಲ್ಲಿ ಅಮ್ಮನಂತೆಯೇ ಇನ್ನೊಬ್ಬರು. ಜೊತೆಗೆ ದಾಸು ಎಂಬ ಊರನಾಯಿ. ಹಚಾ ಎಂಬ ಶಬ್ದವನ್ನು ನಾನು ಕಲಿತದ್ದೇ ಅಮ್ಮನಿಂದ. 2024ರ ಮಳೆಗಾಲದ ಕೊನೆಗೆ ಮುಳಿಯಾರು, ಕಾರಡ್ಕ ಕಡೆಗಳಲ್ಲಿ ಚಿರತೆಯ ಸುದ್ದಿ ಹೆಚ್ಚಾಯಿತು. ಅಂಗಳದಲ್ಲಿ ಕಟ್ಟಿದ ನಾಯಿಗಳು ಬೆಳಗಾಗುವಾಗ ಇಲ್ಲ, ಸರಪಳಿ ಮಾತ್ರ ಇದೆ ಎಂಬ ಮಾತು ಹಾಲಿನ ಡಿಪೋದಲ್ಲಿ ದಿನಾ ಕೇಳಿಬರುತ್ತಿತ್ತು. ಅಮ್ಮ ಮೊದಲು ದಾಸುವನ್ನು ಜಗಲಿಗೆ ಹತ್ತಿಸಿದಳು. ಜಗಲಿಗೆ ಬಾಗಿಲಿಲ್ಲ, ಹಾಗಾಗಿ ಚಾವಡಿಗೆ. ಚಾವಡಿಯಲ್ಲಿ ಒಂಟಿಯಾಗಿ ಕುಂಯಿಗುಟ್ಟಿತೆಂದು ಕೋಣೆಯ ಮೂಲೆಯ ಗೋಣಿಗೆ. ಚಳಿಗಾಲದಲ್ಲಿ ಮಂಚದ ಕಾಲಬುಡಕ್ಕೆ. ಸಂಕ್ರಾಂತಿಗೆ ನಾನು ಹೋದಾಗ ಅದು ಮಂಚದ ಮೇಲೆ ಅಮ್ಮನ ಕಾಲಿನ ಹತ್ತಿರ ಮಲಗಿತ್ತು.

ಅಕ್ಕನಿಗೆ ಇದು ಸರಿಬರಲಿಲ್ಲ. ಫೋನಿನಲ್ಲಿ ಜಗಳವೇ ಆಯಿತು. "ಅಮ್ಮ, ನೀನು ನಮ್ಮನ್ನು ಮಿಂದು ಬಾರದೆ ಒಳಗೆ ಸೇರಿಸುತ್ತಿರಲಿಲ್ಲ" ಎಂದಳು ಅಕ್ಕ. "ನೀವು ಮಿಂದು ಬರುವವರಾದರೂ ಬನ್ನಿ" ಎಂದಳು ಅಮ್ಮ. ಆಮೇಲೆ ಎರಡು ವಾರ ಅಕ್ಕ ನನಗೆ ಮಾತ್ರ ಫೋನು ಮಾಡಿದಳು. ಅವಳದ್ದು ಹುಸಿ ಆತಂಕವಲ್ಲ: ಉಣ್ಣಿ, ಚಿಗಟ, ಹುಳದ ಬಾಧೆ, ನಮ್ಮ ಕಡೆ ಮಳೆಗಾಲದಲ್ಲಿ ಕಾಡುವ ಇಲಿಜ್ವರ. ದನಿನ ಔಷಧಿಗಿಂತ ನಾಯಿಯ ಔಷಧಿ ದುಬಾರಿ ಎಂಬ ಸತ್ಯವೂ ಇದೆ. 2022ರಲ್ಲಿ ಕೇರಳದಾದ್ಯಂತ ನಾಯಿ ಕಡಿತದ ಸುದ್ದಿಗಳೇ ತುಂಬಿದ್ದವು, ಬೇಕಲದಲ್ಲಿ ಒಬ್ಬರು ಮಕ್ಕಳನ್ನು ಮದರಸಕ್ಕೆ ಏರ್‌ಗನ್ ಹಿಡಿದು ಕರೆದೊಯ್ದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ವಿಚಿತ್ರವೆಂದರೆ ಅದೇ ವರ್ಷ ಜೂನಿನಲ್ಲಿ ನಮ್ಮ ಕಾಸರಗೋಡಿನವರೇ ಆದ ಕಿರಣ್‌ರಾಜ್ ನಿರ್ದೇಶಿಸಿದ '777 ಚಾರ್ಲಿ' ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ತೆರೆಕಂಡು, ಒಂಟಿ ಮನುಷ್ಯನೊಬ್ಬನ ಮನೆಗೆ ನುಗ್ಗಿದ ನಾಯಿಯನ್ನು ಕಂಡು ಜನ ಕಣ್ಣೊರೆಸಿಕೊಂಡರು. ಆ ಚಿತ್ರಕ್ಕೆ ಮರುವರ್ಷ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು.

ನಾನು ಇಬ್ಬರ ನಡುವೆ ದಾಖಲೆ ಹಿಡಿದು ನಿಂತೆ. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 2017ರಲ್ಲಿ ನಾಯಿ ಸಾಕಿದ 40 ಜನರ ನಿದ್ರೆಯನ್ನು ಅಳೆದು ನೋಡಿದ್ದಾರೆ. ನಾಯಿ ಕೋಣೆಯಲ್ಲಿದ್ದರೆ ಮಂಚದಲ್ಲಿ ಕಳೆದ ಹೊತ್ತಿನ ನೂರಕ್ಕೆ 83 ಪಾಲು ನಿದ್ರೆ, ಮಂಚದ ಮೇಲೆಯೇ ಇದ್ದರೆ 80. ಮೂರು ಪಾಲಿನ ನಷ್ಟ. ಇದನ್ನು ಹೇಳಿದಾಗ ಅಮ್ಮ, ದಾಸು ಬರುವ ಮೊದಲು ತನಗೆ ಎಷ್ಟು ಪಾಲು ನಿದ್ರೆ ಇತ್ತೆಂದು ಅವರು ಅಳೆದಿದ್ದಾರೆಯೇ ಎಂದು ಕೇಳಿದಳು. ಬೀಗ ಹಾಕಿದ ಮನೆಗಳ ನಡುವೆ ಅಡಿಕೆ ಬೀಳುವ ಸದ್ದಿಗೂ ಎದ್ದು ಕೂರುವವಳಿಗೆ ಅದು ಮೂರು ಪಾಲಿನ ಲೆಕ್ಕವಲ್ಲ. ವಿದ್ಯಾರ್ಥಿಗೆ ಶ್ವಾನನಿದ್ರೆ ಇರಬೇಕೆಂದು ನಮ್ಮನ್ನು ಬೆಳಗ್ಗೆ ನಾಲ್ಕಕ್ಕೆ ಎಬ್ಬಿಸುತ್ತಿದ್ದವಳು, ಈಗ ಅದನ್ನು ದಾಸುವಿಗೆ ವಹಿಸಿಕೊಟ್ಟು ತಾನು ಮಲಗುತ್ತಾಳೆ. ಸಂಜೆ ಅವಳು ಅದರೊಡನೆ ಆಡುವ ಮಾತನ್ನು ನಾನು ಜಗಲಿಯಲ್ಲಿ ಕುಳಿತು ಕೇಳಿದ್ದೇನೆ. ತೋಟದ ನೀರಿನ ವಿಚಾರ, ಅಪ್ಪನ ತಿಥಿಯ ವಿಚಾರ, ಎಲ್ಲ ಕನ್ನಡದಲ್ಲಿ. ಗದರುವುದು ಮಾತ್ರ ತುಳುವಿನಲ್ಲಿ. ನನ್ನ ಮಗಳು ಅಜ್ಜಿಗೆ ಉತ್ತರ ಕೊಡುವಾಗ ಮೂರು ಮಾತಿಗೊಮ್ಮೆ ಇಂಗ್ಲಿಷಿಗೆ ಹಾರುತ್ತಾಳೆ. ದಾಸುವಿಗೆ ಆ ತೊಂದರೆಯಿಲ್ಲ.

ಕೊನೆಗೆ ಒಂದು ಒಪ್ಪಂದವಾಯಿತು. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ಕಾಲಕಾಲಕ್ಕೆ ಹುಳದ ಔಷಧಿ, ಉಣ್ಣಿಗೆ ಮದ್ದು. ಖರ್ಚು ಅಕ್ಕನದು, ಮೃಗಾಸ್ಪತ್ರೆಗೆ ಕರೆದೊಯ್ಯುವುದು ನನ್ನದು. ಕೇರಳದಲ್ಲಿ 1998ರ ನಿಯಮದಂತೆ ಸಾಕುನಾಯಿಗೆ ಪಂಚಾಯತಿನ ಲೈಸೆನ್ಸ್ ಬೇಕು. ಅದಕ್ಕೂ ಲಸಿಕೆಯ ಕಾಗದ ಬೇಕಾದ್ದರಿಂದ ಎರಡೂ ಒಟ್ಟಿಗೆ ಆಯಿತು. ಅಮ್ಮ ತನ್ನ ಕಡೆಯಿಂದ ಒಂದು ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಮಂಚದ ಕಾಲಿನ ಕಡೆ ಹಾಸಿದ್ದಾಳೆ. ಅದರಿಂದ ಆಚೆ ದಾಸು ಬರುವಂತಿಲ್ಲ. ಆ ಸೀರೆಯನ್ನು ದಿನಾ ಬೇರೆಯಾಗಿ ಒಗೆದು, ಹಟ್ಟಿಯ ಹಿಂದಿನ ಹಗ್ಗದಲ್ಲಿ ಒಣಗಿಸುತ್ತಾಳೆ, ಮನೆಯ ಬಟ್ಟೆಯ ಹಗ್ಗದಲ್ಲಿ ಅಲ್ಲ. ಬೆಳಗ್ಗೆ ಐದಕ್ಕೆ ಅವಳು ಬಚ್ಚಲ ಒಲೆಗೆ ಬೆಂಕಿ ಹಾಕಲು ಏಳುವಾಗ ದಾಸು ತಾನೇ ಇಳಿದು, ಅವಳು ಮಿಂದು ಬರುವವರೆಗೆ ಒಲೆಯ ಮುಂದೆ ಬೂದಿಯಲ್ಲಿ ಮಲಗಿರುತ್ತದೆ.